ಚೋಮನಿಗೆ ಎತ್ತುಗಳಿದ್ದವು, ನೆಲ ಇರಲಿಲ್ಲ

ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ಅದನ್ನು ಒಬ್ಬ ಮನುಷ್ಯನ ದುರಂತವೆಂದು ಓದುವುದನ್ನು ನಮ್ಮ ವಿಮರ್ಶೆ ನಮಗೆ ಕಲಿಸಿದೆ. ಹೀಗೆ ಓದಿ ಕಣ್ಣೀರು ಹಾಕಿದವರು ಚೋಮ ಕೇಳಿದ್ದೇನು ಅನ್ನುವುದನ್ನೇ ಮರೆಯುತ್ತಾರೆ. ಅವನು ಕನಿಕರ ಕೇಳಲಿಲ್ಲ. ಉಳೋದಕ್ಕೆ ಒಂದು ತುಂಡು ಗದ್ದೆ ಕೇಳಿದ.

ಈ ಬೇಡಿಕೆಯ ತೂಕ ತಿಳಿಯಬೇಕಾದರೆ ಅದೇ ಕಾಲದ ಅಮೆರಿಕವನ್ನು ಒಮ್ಮೆ ನೋಡಬೇಕು ಅಂತ ನನಗೆ ಅನ್ನಿಸುತ್ತದೆ. ಕಪ್ಪು ಜನರ ಹೋರಾಟದಿಂದ ನಾವು ಪ್ಯಾಂಥರ್ ಹೆಸರನ್ನು ತಗೊಂಡೆವು. ಪ್ಯಾಂಥರುಗಳ ಹಿಂದಿನ ತಲೆಮಾರಿನವರು, ಹತ್ತಿ ಹೊಲದ ಆ ಜನ, ನಮ್ಮ ಚರ್ಚೆಗೆ ಅಷ್ಟಾಗಿ ಬರಲೇ ಇಲ್ಲ.

1865ರಲ್ಲಿ ಬಿಡುಗಡೆಯಾದ ಗುಲಾಮರಿಗೆ ನಲವತ್ತು ಎಕರೆಯ ಆಸೆ ತೋರಿಸಿ, ಅದೇ ವರ್ಷ ಅದನ್ನು ಕಿತ್ತುಕೊಂಡರು. ಆಮೇಲೆ ಉಳಿದದ್ದು ವಾರಕ್ಕೆ ಉಳುಮೆ. ಬೀಜ, ಹೊಟ್ಟೆಗೆ ಕಾಳು ಎಲ್ಲ ಧಣಿಯಿಂದ ಸಾಲ. ಲೆಕ್ಕ ಧಣಿಯ ಪುಸ್ತಕದಲ್ಲಿ. 1919ರಲ್ಲಿ ಅರ್ಕಾನ್ಸಾದ ಎಲೇನ್ ಸುತ್ತ ಈ ಲೆಕ್ಕ ಕೇಳಲು ಕಪ್ಪು ರೈತರು ಸಂಘ ಕಟ್ಟಿದರು. ಅವರನ್ನು ಬೇಟೆಯಾಡಿ ಕೊಂದರು. ಮೇಲಾಗಿ ಹನ್ನೆರಡು ಜನ ಕಪ್ಪು ರೈತರಿಗೇ ಮರಣದಂಡನೆ ವಿಧಿಸಿದರು. ಆ ಹನ್ನೆರಡು ಜನ ಉಳಿದದ್ದು ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿ.

1933ರಲ್ಲಿ, ಚೋಮ ಕನ್ನಡಕ್ಕೆ ಬಂದ ವರ್ಷವೇ, ರೂಸ್‌ವೆಲ್ಟ್ ಸರ್ಕಾರ ಹತ್ತಿಯ ಬೆಲೆ ಎತ್ತಲು ಸುಮಾರು ಒಂದು ಕೋಟಿ ಎಕರೆ ಬೆಳೆಯನ್ನು ಉಳಿಸಿ ಮಣ್ಣು ಮಾಡಿಸಿತು. ಪರಿಹಾರದ ಹಣ ಬಹುಪಾಲು ಜಮೀನ್ದಾರರ ಕೈ ಸೇರಿತು. ಉಳುತ್ತಿದ್ದವರಲ್ಲಿ ಅನೇಕರು ಗುಡಿಸಿಲು ಖಾಲಿ ಮಾಡಬೇಕಾಯಿತು. 1935ರ ಸಾಮಾಜಿಕ ಭದ್ರತಾ ಕಾಯ್ದೆ ಹೊಲದಾಳುಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ದಕ್ಷಿಣದ ಕಪ್ಪು ಜನರಲ್ಲಿ ಹೆಚ್ಚಿನವರು ಮಾಡುತ್ತಿದ್ದದ್ದು ಇದೇ ಎರಡು ಕೆಲಸ. ಕಾಯ್ದೆಯಲ್ಲಿ ಬಣ್ಣದ ಹೆಸರು ಎತ್ತುವ ಅಗತ್ಯವೇ ಬೀಳಲಿಲ್ಲ.

ಈಗ ಚೋಮನ ಕಡೆಗೆ ಬರೋಣ. ಇಲ್ಲೂ ಸಾಲವಿದೆ, ಕಾಫಿ ತೋಟವಿದೆ, ಲೆಕ್ಕ ಹಿಡಿದು ಬರುವ ಮನ್ವೇಲ ಇದ್ದಾನೆ. ಆ ಲೆಕ್ಕ ಚುಕ್ತಾ ಆಗುವುದು ಬೆಳ್ಳಿಯ ಮೈಯಿಂದ. ಆದರೆ ಒಂದು ವ್ಯತ್ಯಾಸ ಇದೆ, ಬರೀ ವರ್ಗದ ಮಾತಾಡುವ ಗೆಳೆಯರು ಇದನ್ನು ಗಮನಿಸಬೇಕು. ಅಲ್ಲಿನ ಕಪ್ಪು ರೈತ ಉಳಬಹುದಿತ್ತು, ಬೆಳೆ ಅವನದಾಗುತ್ತಿರಲಿಲ್ಲ. ಇಲ್ಲಿ ಹೊಲೆಯ ತನಗಾಗಿ ನೇಗಿಲು ಹಿಡಿಯುವುದೇ ಅಪಚಾರ. ಸಂಕಪ್ಪಯ್ಯ ಕ್ರೂರಿಯಲ್ಲ, ಅವನ ಮನಸ್ಸು ಒಂದಿಷ್ಟು ಕರಗಿದರೂ ಮನೆಯ ಹಿರಿಯಳೂ ರೂಢಿಯೂ ಬಿಡುವುದಿಲ್ಲ. ಕೆಟ್ಟ ಧಣಿಯಿಲ್ಲದೆಯೂ ಜಾತಿ ನಡೆಯುತ್ತದೆ ಎಂದು ಕಾರಂತರು ಕಂಡದ್ದು ಸಣ್ಣ ವಿಷಯವಲ್ಲ.

ನನ್ನ ತಕರಾರು ಬೇರೆ. ಕಾರಂತರ ಚೋಮ ಒಬ್ಬಂಟಿ. ಎತ್ತುಗಳನ್ನು ಬಿಟ್ಟುಕಳಿಸಿ, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸಾಯುತ್ತಾನೆ. ಮರುವರ್ಷ, 1934ರಲ್ಲಿ, ಅರ್ಕಾನ್ಸಾದ ಟೈರೋನ್ಜಾದಲ್ಲಿ ಹನ್ನೊಂದು ಬಿಳಿಯರೂ ಏಳು ಕಪ್ಪು ಜನರೂ ಒಟ್ಟಿಗೆ ಕೂತು ಗೇಣಿದಾರರ ಸಂಘ ಕಟ್ಟಿದರು. ದೂರದ ಮಾತು ಯಾಕೆ, ಬಾಬಾಸಾಹೇಬರು ಮಹಾಡದ ಕೆರೆಗೆ ಇಳಿದದ್ದು 1927ರಲ್ಲಿ. ಕೊಂಕಣದ ಖೋತಿ ಜಮೀನ್ದಾರಿ ತೆಗೆಯಬೇಕೆಂದು ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದದ್ದು 1937ರಲ್ಲಿ. ಅಂದರೆ ನೆಲವನ್ನು ಹಕ್ಕಾಗಿ ಕೇಳುವ ದನಿ ಆ ಕಾಲದಲ್ಲಿ ಇತ್ತು. ಕಾದಂಬರಿಗೆ ಅದು ಕೇಳಿಸಲಿಲ್ಲ. ಮೇಲ್ಜಾತಿಯ ಅನುಕಂಪ ದಲಿತನ ಸೋಲನ್ನು ಚೆನ್ನಾಗಿ ಬರೆಯುತ್ತದೆ. ಅವನ ಸಂಘಟನೆಯನ್ನು ಕಲ್ಪಿಸಿಕೊಳ್ಳಲು ತಡವರಿಸುತ್ತದೆ.

ಇದೆಲ್ಲ ಹಳೇ ಕಥೆ ಅನ್ನುವವರು ಚೋಮನ ಜಿಲ್ಲೆಗೇ ಹೋಗಿ ನೋಡಲಿ. ಬ್ರಿಟಿಷರ ಕಾಲದಲ್ಲೇ ದಲಿತರಿಗೆಂದು ಕಾದಿರಿಸಿದ ಭೂಮಿಗೆ ಅಲ್ಲಿ ಡಿ.ಸಿ. ಮನ್ನಾ ಅಂತಾರೆ. ಅದನ್ನು ನಮಗೆ ಹಂಚಿ ಅಂತ ದಲಿತ ಸಂಘಟನೆಗಳು ಇವತ್ತಿಗೂ ಕೇಳುತ್ತಲೇ ಇವೆ. ನಾನಿರುವ ಅರೆಕೆರೆಯಲ್ಲಿ, ಬನ್ನೇರುಘಟ್ಟ ರಸ್ತೆಯ ಉದ್ದಕ್ಕೂ, ಹೊಲಗಳು ಸೈಟುಗಳಾಗಿವೆ. ದಲಿತರಿಗೆ ಮಂಜೂರಾದ ಜಮೀನು ಕೈತಪ್ಪಬಾರದೆಂದು 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ತಡವಾಗಿ ಬಂದ ಅರ್ಜಿ ನಡೆಯದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾಲಮಿತಿಯ ಅಡ್ಡಿ ತೆಗೆಯಲು 2023ರ ತಿದ್ದುಪಡಿ ಬೇಕಾಯಿತು.

ಆದ್ದರಿಂದ ‘ಚೋಮನ ದುಡಿ’ಯನ್ನು ಪಾಠ ಮಾಡುವ ಮೇಷ್ಟ್ರುಗಳಿಗೂ ಓದುವ ಹುಡುಗರಿಗೂ ನಾನು ಕೇಳುವುದು ಇಷ್ಟೇ: ದುಡಿಯ ಸದ್ದನ್ನು ವರ್ಣಿಸುವ ಮೊದಲು ನಿಮ್ಮೂರಿನ ಪಹಣಿ ತೆಗೆಸಿ. ದಲಿತರ ಹೆಸರಿಗೆ ಎಷ್ಟು ಎಕರೆ ಇತ್ತು, ಈಗ ಯಾರ ಹೆಸರಿಗಿದೆ ಅಂತ ನೋಡಿ. ವಿಮರ್ಶೆ ಅಲ್ಲಿಂದ ಶುರುವಾಗಲಿ.