ಹುಡುಕಾಟದ ವೇಗ ಮತ್ತು ಬಿಟ್ಟುಹೋದ ಅಕ್ಷರಗಳು

ಗೂಗಲ್‌ನ ಜೆಫ್ರಿ ಡೀನ್ ಮತ್ತು ಲೂಯಿಜ್ ಆಂದ್ರೆ ಬರೋಸೊ 2013ರಲ್ಲಿ ‘ದ ಟೇಲ್ ಅಟ್ ಸ್ಕೇಲ್’ ಅನ್ನೋ ಪುಟ್ಟ ಪ್ರಬಂಧ ಬರೆದರು. ದೊಡ್ಡ ಸರ್ಚ್ ವ್ಯವಸ್ಥೆಗಳ ವೇಗ ಅಳೆಯುವವರಿಗೆ ಇವತ್ತಿಗೂ ಅದೇ ಮೂಲಪಾಠ. ಶಾಸನದವರಿಗೆ ಇದರ ಗೊಡವೆ ಯಾಕೆ ಅಂತ ಕೇಳಬಹುದು. ಶಾಸನಪಾಠಗಳು ಒಂದೊಂದಾಗಿ ಡಿಜಿಟಲ್ ಆಗ್ತಿವೆ, ಅವನ್ನು ಹುಡುಕೋ ಯಂತ್ರಗಳು ಇದೇ ಪ್ರಬಂಧದ ತರ್ಕದ ಮೇಲೆ ನಿಂತಿವೆ. ಆ ತರ್ಕದ ಒಂದು ಭಾಗ ನಮ್ಮ ಕೆಲಸಕ್ಕೆ ಒಗ್ಗುವುದಿಲ್ಲ ಅನ್ನೋದು ನನ್ನ ತಕರಾರು.

ಮೊದಲು ಅದರ ಗಟ್ಟಿ ಭಾಗ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳನ್ನು 12 ಜನರಿಗೆ ಹಂಚಿ, ‘ಈ ಪದ ಎಲ್ಲೆಲ್ಲಿದೆ ನೋಡಿ’ ಅಂದೆವು ಅಂತಿಟ್ಟುಕೊಳ್ಳಿ. ಹನ್ನೊಂದು ಜನ ಎರಡೇ ನಿಮಿಷದಲ್ಲಿ ಮುಗಿಸಿ, ಹನ್ನೆರಡನೆಯವರು ಕಾಫಿಗೆ ಹೋಗಿದ್ದರೆ ನಮ್ಮ ಉತ್ತರವೂ ಕಾಫಿ ಮುಗಿದ ಮೇಲೇ. ಹಂಚಿದ ಸರ್ಚ್ ನಡೆಯೋದೂ ಹೀಗೇ: ಸೂಚಿಯನ್ನು ತುಂಡು ಮಾಡಿ ಹಲವು ಸರ್ವರ್‌ಗಳಲ್ಲಿ ಇಟ್ಟಿರ್ತಾರೆ. ಆ ತುಂಡಿಗೆ ಶಾರ್ಡ್ ಅಂತ ಹೆಸರು. ಪ್ರಬಂಧದ ಪ್ರಸಿದ್ಧ ಲೆಕ್ಕ ನೋಡಿ. ಒಂದು ಸರ್ವರ್ ಸಾಮಾನ್ಯವಾಗಿ 10 ಮಿಲಿಸೆಕೆಂಡ್‌ನಲ್ಲಿ ಉತ್ತರಿಸುತ್ತೆ, ನೂರಕ್ಕೊಮ್ಮೆ ಮಾತ್ರ ಒಂದು ಸೆಕೆಂಡ್ ತಗೊಳ್ಳುತ್ತೆ. ಅಂಥ 100 ಸರ್ವರ್‌ಗಳಿಂದ ಉತ್ತರ ಕಲೆಹಾಕಬೇಕಾದರೆ ನೂರರಲ್ಲಿ 63 ಹುಡುಕಾಟಗಳು ಒಂದು ಸೆಕೆಂಡ್ ದಾಟುತ್ತವೆ. 0.99ನ್ನು ನೂರು ಸಲ ಗುಣಿಸಿ ಒಂದರಿಂದ ಕಳೆದರೆ ಸಾಕು, ಯಾರು ಬೇಕಾದರೂ ತಾಳೆ ನೋಡಬಹುದು. ಸರಾಸರಿಯನ್ನು ನಂಬಬೇಡಿ, ಬಾಲ ನೋಡಿ ಅನ್ನೋದನ್ನು ಇಷ್ಟು ಚೊಕ್ಕವಾಗಿ ಬೇರೆ ಯಾರೂ ಹೇಳಿದ ಹಾಗಿಲ್ಲ. (ಇದನ್ನು ಓದಿದ ಮೇಲೂ ಒಂದೊಂದು ಸರ್ವರಿನ ಶೇಕಡ 99ರ ಅಂಕಿಗಳನ್ನು ತಂದು ಅವುಗಳದೇ ಸರಾಸರಿ ತೆಗೆಯುವವರಿದ್ದಾರೆ. ಆ ಸಂಖ್ಯೆಗೆ ಅರ್ಥವೇ ಇಲ್ಲ.)

ಆದರೆ ಈ 63ರ ಹಿಂದೆ ಒಂದು ಊಹೆ ಇದೆ: ಒಂದು ಸರ್ವರ್ ತಡವಾಗೋದಕ್ಕೂ ಇನ್ನೊಂದು ತಡವಾಗೋದಕ್ಕೂ ಸಂಬಂಧವಿಲ್ಲ ಅಂತ. ತಡಕ್ಕೆ ಕಾರಣ ಯಂತ್ರವಾದರೆ ಇದು ಸರಿ. ಕಾರಣ ಪ್ರಶ್ನೆಯೇ ಆಗಿದ್ದರೆ? ‘ಗಾವುಂಡ’ ಹುಡುಕುವವರಿಗೆ ಗಾಮುಂಡ, ಗಾವುಣ್ಡ, ಗವುಂಡ, ಗೌಡ ಎಲ್ಲವೂ ಬೇಕು. ‘ನಾಳ್ಗಾವುಂಡ’ದಲ್ಲಿ ಪದ ಕೊನೆಗೆ ಅಂಟಿಕೊಂಡಿರುವುದರಿಂದ ಹಿಂದೆ ಏನಿದ್ದರೂ ಸರಿ ಅಂತ ಮುಂದೊಂದು ನಕ್ಷತ್ರಚಿಹ್ನೆ ಹಾಕಬೇಕು. ಅಂಥ ಪ್ರಶ್ನೆಗೆ ಯಂತ್ರ ಪದಪಟ್ಟಿಯನ್ನು ಉದ್ದಕ್ಕೂ ಸವರಬೇಕಾಗುತ್ತೆ, ಎಲ್ಲ ಶಾರ್ಡ್‌ಗಳೂ ಒಟ್ಟಿಗೇ ಏದುಸಿರು ಬಿಡುತ್ತವೆ. ಆಗ ತಡವಾಗೋದು 63 ಅಲ್ಲ, ನೂರಕ್ಕೆ ಒಂದೇ. ನಕ್ಷೆ ನೋಡಿದವರಿಗೆ ಸಮಾಧಾನ. ಆದರೆ ಆ ಒಂದು ಯಾವಾಗಲೂ ಅದೇ ಗಾವುಂಡನನ್ನು ಹುಡುಕುವವರದ್ದು! ಉತ್ತರ ಬಾರದಿದ್ದರೆ ಅದೇ ಕೋರಿಕೆಯನ್ನು ಇನ್ನೊಂದು ನಕಲು ಸರ್ವರಿಗೂ ಕಳಿಸಿ ಅನ್ನೋ ಅವರ ಪರಿಹಾರ ಇಲ್ಲಿ ಕೈಕೊಡುತ್ತೆ, ನಕಲಿಗೂ ಅಷ್ಟೇ ಕಷ್ಟ. ಲೇಖಕರು ಈ ಮಿತಿಯನ್ನು ಮುಚ್ಚಿಟ್ಟಿಲ್ಲ. ಆದರೆ ಅವರನ್ನು ಉದ್ಧರಿಸುವವರು ಅಷ್ಟು ದೂರ ಓದಿದ ಹಾಗೆ ಕಾಣಲ್ಲ.

ನನ್ನ ನಿಜವಾದ ಜಗಳ ‘ಸಾಕಷ್ಟು ಒಳ್ಳೆಯ ಉತ್ತರ’ ಅನ್ನೋ ಭಾಗದ ಜೊತೆ. ಅವರದೇ ಅಳತೆಯಲ್ಲಿ, ಎಲ್ಲ ಸರ್ವರ್‌ಗಳಿಗೂ ಕಾದರೆ ಶೇಕಡ 99ರ ಗಡಿ 140 ಮಿಲಿಸೆಕೆಂಡ್. ಶೇಕಡ 95ರಷ್ಟು ಸರ್ವರ್‌ಗಳು ಮುಗಿಸಿದರೆ ಸಾಕು ಅಂದರೆ 70. ಅರ್ಧಕ್ಕೆ ಅರ್ಧ ಹೊತ್ತು ಕೊನೆಯ ಐದರ ಪಾಲು. ಹಾಗಾಗಿ ಒಂದಷ್ಟು ಸರ್ವರ್‌ಗಳನ್ನು ಬಿಟ್ಟೇ ಉತ್ತರ ಕೊಡಬಹುದು, ಅತ್ಯುತ್ತಮ ಫಲಿತಾಂಶ ಬಿಟ್ಟುಹೋದ ಆ ಒಂದರಲ್ಲೇ ಇರುವ ಸಂಭವ ತೀರಾ ಕಡಿಮೆ ಅನ್ನುತ್ತಾರೆ. ಊಟದ ಹೋಟೆಲ್ ಹುಡುಕುವವರಿಗೆ ಒಪ್ಪಿದೆ, ಒಂದಲ್ಲದಿದ್ದರೆ ಇನ್ನೊಂದು. ಶಾಸನದಲ್ಲಿ ಹಾಗಲ್ಲ. ಒಂದು ಪದ ಇಡೀ ಸಂಗ್ರಹದಲ್ಲಿ ಒಂದೇ ಕಲ್ಲಿನಲ್ಲಿರಬಹುದು. ಆ ಕಲ್ಲಿನ ಪಾಠವಿರುವ ಶಾರ್ಡ್ ಬಿಟ್ಟುಹೋದರೆ ಸಿಗೋದು ಸ್ವಲ್ಪ ಕಳಪೆ ಉತ್ತರವಲ್ಲ, ಸುಳ್ಳು ಉತ್ತರ. ‘ಈ ಪದಕ್ಕೆ ಶಾಸನಾಧಾರವಿಲ್ಲ’ ಅಂತ ಲೇಖನದಲ್ಲಿ ಕೂತುಬಿಟ್ಟರೆ ಕಥೆ ಮುಗೀತು, ಮುಂದಿನವರು ಅದನ್ನೇ ಎತ್ತಿ ಬರೀತಾರೆ.

ಇದು ಬರೀ ತತ್ವದ ಮಾತಲ್ಲ. ಬಹಳ ಕಡೆ ಬಳಸೋ ಎಲಾಸ್ಟಿಕ್‌ಸರ್ಚ್‌ನಲ್ಲಿ ಶಾರ್ಡ್ ಸೋತರೂ ಉಳಿದವುಗಳ ಉತ್ತರ ಕೊಟ್ಟುಬಿಡೋದೇ ಮೂಲ ಹೊಂದಿಕೆ. ಕಾಲಮಿತಿ ಹಾಕಿದ್ದು ಮೀರಿದರೆ, ಅಷ್ಟರೊಳಗೆ ಸಿಕ್ಕಿದ್ದನ್ನೇ ಕೊಡುತ್ತೆ. ಯಂತ್ರ ಇದನ್ನು ಪ್ರಾಮಾಣಿಕವಾಗಿ ಹೇಳುತ್ತೆ ಕೂಡ: ಎಷ್ಟು ಶಾರ್ಡ್, ಎಷ್ಟು ಗೆದ್ದವು, ಎಷ್ಟು ಸೋತವು, ಹೊತ್ತು ಮೀರಿತೇ ಅಂತ ಉತ್ತರದ ಜೊತೆಗೇ ಬರುತ್ತೆ. ಅದನ್ನು ಓದುಗರ ಮುಂದೆ ತೋರಿಸದೆ ನುಂಗೋದು ಜಾಲತಾಣ ಕಟ್ಟುವವರು. ಜೊತೆಗೆ ಬರೋ ‘ಟುಕ್’ ಅನ್ನೋ ಮಿಲಿಸೆಕೆಂಡ್ ಅಂಕಿಯನ್ನು ಮಾತ್ರ ಹೆಮ್ಮೆಯಿಂದ ಅಚ್ಚು ಹಾಕ್ತಾರೆ. ಅದರಲ್ಲೂ ಬಳಕೆದಾರರಿಂದ ಸರ್ವರಿಗೆ ಹೋಗಿ ಬರುವ ಹೊತ್ತು ಸೇರಿರಲ್ಲ. ಹಳ್ಳಿಯಲ್ಲಿ ವೀರಗಲ್ಲಿನ ಮುಂದೆ ಫೋನ್ ಹಿಡಿದು ನಿಂತವರು ಕಾಯೋದು ಮುಖ್ಯವಾಗಿ ಆ ಹೊತ್ತನ್ನೇ.

ಅಚ್ಚಿನ ಶಾಸನಪಾಠ ತೆಗೆದು ನೋಡಿ. ಸವೆದ ಅಕ್ಷರಗಳಿಗೆ ಚುಕ್ಕಿ, ಸಂಪಾದಕರು ಊಹಿಸಿದ್ದಕ್ಕೆ ಕಂಸ. ಸವೆದ ಜಾಗವನ್ನು ಸುಮ್ಮನೆ ಕೂಡಿಸಿ ಸಾಲು ಪೂರ್ತಿಯಿದೆ ಅನ್ನೋ ಹಾಗೆ ಅಚ್ಚು ಹಾಕಿದರೆ ನಾವು ಆ ಸಂಪಾದಕರನ್ನು ಸುಮ್ಮನೆ ಬಿಡ್ತಿದ್ದೆವಾ? ‘12ರಲ್ಲಿ 11 ಭಾಗ ಮಾತ್ರ ನೋಡಲಾಗಿದೆ, ಮತ್ತೆ ಪ್ರಯತ್ನಿಸಿ’ ಅಂತ ಫಲಿತಾಂಶದ ಮೇಲೊಂದು ಸಾಲು ಬರೆಯೋದು ಅರ್ಧ ದಿನದ ಕೆಲಸ. ಅಳೆಯುವಾಗಲೂ ಅಷ್ಟೇ: ಪೂರ್ತಿ ಉತ್ತರಗಳ ಹೊತ್ತು ಒಂದು ಪಟ್ಟಿ, ಅರೆಬರೆ ಉತ್ತರಗಳ ಎಣಿಕೆ ಇನ್ನೊಂದು. 40 ಮಿಲಿಸೆಕೆಂಡ್‌ನಲ್ಲಿ ಬಂದ ಅರೆಬರೆ ಉತ್ತರವನ್ನು ವೇಗದ ಪಟ್ಟಿಗೆ ಸೇರಿಸಿದರೆ ಅಂಕಿ ಚಂದ ಕಾಣುತ್ತೆ, ಹೆಚ್ಚು ಶಾರ್ಡ್ ಸೋತಷ್ಟೂ ಇನ್ನೂ ಚಂದ.