ಧನುರ್ಮಾಸದ ಮರಿಗಳು

ಮುಂಗಾರಿನ ಹಸಿರು ಮೇದು ಜುಲೈ-ಆಗಸ್ಟಿನಲ್ಲಿ ಬೆದೆಗೆ ಬಂದ ಮೇಕೆ ಡಿಸೆಂಬರ್-ಜನವರಿಯಲ್ಲಿ ಈಯುತ್ತದೆ. ಗಬ್ಬದ ಅವಧಿ ಸುಮಾರು 150 ದಿನ. ಹೀಗಾಗಿ ನಮ್ಮ ಬಯಲುಸೀಮೆಯ ಬಹಳಷ್ಟು ಮರಿಗಳು ಹುಟ್ಟುವುದೇ ವರ್ಷದ ಅತಿ ಚಳಿಯ ರಾತ್ರಿಗಳಲ್ಲಿ. ಬೀದರ್, ವಿಜಯಪುರದ ಕಡೆ ಆಗ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಎರಡು ಕಿಲೋ ಆಸುಪಾಸು ತೂಗುವ, ಮೈಯೆಲ್ಲ ಒದ್ದೆಯಾಗಿರುವ ಜೀವಕ್ಕೆ ಇದು ಸಣ್ಣ ಚಳಿಯಲ್ಲ. ಮರಿ ಉಳಿಸಿಕೊಳ್ಳಲು ನಮ್ಮವರು ಮಂಕರಿ ಕವುಚುತ್ತಾರೆ, ಬೆಂಕಿ ಹಾಕುತ್ತಾರೆ, ಗೋಣಿತಾಟು ಕಟ್ಟುತ್ತಾರೆ, ಬಲ್ಬು ಇಳಿಬಿಡುತ್ತಾರೆ. ಎಲ್ಲವೂ ಪ್ರೀತಿಯಿಂದ ಮಾಡುವ ಕೆಲಸವೇ. ಆದರೆ ಎಲ್ಲವೂ ಮರಿಯನ್ನು ಉಳಿಸುವುದಿಲ್ಲ.

ಮಂಕರಿಯಿಂದಲೇ ಶುರು ಮಾಡೋಣ. ತಾಯಿ ಮೇಯಲು ಹೋದಾಗ ಎಳೆಮರಿಗಳನ್ನು ದೊಡ್ಡ ಬಿದಿರು ಬುಟ್ಟಿಯ ಕೆಳಗೆ ಕವುಚಿಡುವ ಪದ್ಧತಿ ಹಳೆಯದು. ನಾಯಿ, ಕಾಗೆಗಳಿಂದ ಕಾಯಲಿಕ್ಕೆ ಹುಟ್ಟಿದ ಉಪಾಯ ಇದ್ದೀತು. ಚಳಿಗೂ ಅದು ಚೆನ್ನಾಗಿ ಒದಗುತ್ತದೆ. ಮೂರು-ನಾಲ್ಕು ಮರಿ ಒಂದಕ್ಕೊಂದು ಅಂಟಿಕೊಂಡು ಮಲಗಿದರೆ ಅವುಗಳ ಮೈಶಾಖವೇ ಸಣ್ಣ ಜಾಗದಲ್ಲಿ ನಿಲ್ಲುತ್ತದೆ. ಬಿದಿರಿನ ಸಂದಿನಲ್ಲಿ ಉಸಿರಾಟಕ್ಕೆ ಬೇಕಾದಷ್ಟು ಗಾಳಿ ಆಡುತ್ತದೆ, ಬೀಸುಗಾಳಿ ಮಾತ್ರ ತಡೆಯುತ್ತದೆ. ಮರಿಯ ಅಳತೆಗೆ ಮನೆ ಕಟ್ಟಿದ ಜಾಣತನ ಇದು. ದೋಷ ಇರುವುದು ಬಳಕೆಯಲ್ಲಿ. ಬುಟ್ಟಿಯನ್ನು ದಿನವೂ ಅದೇ ಜಾಗದಲ್ಲಿ ಕವುಚಿದರೆ ಗಂಜಲ, ಹಿಕ್ಕೆಯಲ್ಲಿ ನೆಲ ತೊಯ್ದು ಮರಿಯ ಹೊಟ್ಟೆ ಕೆಳಗಿಂದ ತಣ್ಣಗಾಗುತ್ತದೆ. ರಕ್ತಭೇದಿಯ ಕಾಕ್ಸಿಡಿಯಾ ಜೀವಿಗಳೂ ಆ ಹಸಿಯಲ್ಲೇ ಬೆಳೆಯುತ್ತವೆ. ದಿನಕ್ಕೊಂದು ಜಾಗ ಬದಲಿಸಿ, ಕೆಳಗೆ ಒಣ ರಾಗಿಹುಲ್ಲನ್ನೋ ಕಡಲೆಕಾಯಿ ಸಿಪ್ಪೆಯನ್ನೋ ಹರವಿದರೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ಈ ದುಡ್ಡಿಗೆ ಯಾರೂ ಕೊಡಲಾರರು.

ಬೆಂಕಿಯ ವಿಷಯದಲ್ಲಿ ನನಗೆ ಖಂಡಿತವಾದ ತಕರಾರಿದೆ. ಕೊಟ್ಟಿಗೆಯ ಬಾಗಿಲು, ಕಿಂಡಿಗಳಿಗೆಲ್ಲ ತಾಟು ಬಿಗಿದು ಒಳಗೆ ಹೊಗೆ ಹಾಕುವುದು ಬಹಳ ಕಡೆ ಇದೆ. ಸೊಳ್ಳೆ ಓಡುತ್ತದೆ, ಒಳಗೆ ಹೋದವರಿಗೂ ಹಿತವೆನಿಸುತ್ತದೆ. ಆದರೆ ಒಮ್ಮೆ ಕುಕ್ಕರಗಾಲಲ್ಲಿ ಕೂತು, ಮರಿಯ ಮೂಗಿನ ಮಟ್ಟಕ್ಕೆ ಮುಖ ತಂದು ಉಸಿರೆಳೆದು ನೋಡಿ. ನಿಂತವರಿಗೆ ತಿಳಿಯದ ಗಂಜಲದ ಘಾಟು ಅಲ್ಲಿ ಕಣ್ಣು ಉರಿಸುತ್ತದೆ. ಅದು ಅಮೋನಿಯಾ. ಹೊಗೆಯೂ ಅದರ ಜೊತೆ ಸೇರಿ ಮರಿಯ ಶ್ವಾಸನಾಳದ ಒಳಪದರವನ್ನು ಕೆಡಿಸುತ್ತದೆ, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ವಾರದ ನಂತರ ಮೂಗು ಸೋರಿ ಸತ್ತ ಮರಿಯನ್ನು ನಾವು ‘ಚಳಿಗೆ ಹೋಯಿತು’ ಅನ್ನುತ್ತೇವೆ. ಎಷ್ಟೋ ಸಲ ಅದನ್ನು ಕೊಂದದ್ದು ಚಳಿಗೆಂದು ಬಿಗಿದ ಬಾಗಿಲು. ಗಾಳಿ ಬರುವ ದಿಕ್ಕಿಗೆ ಮರಿಯ ಎತ್ತರದವರೆಗೆ ತಾಟು ಕಟ್ಟಿ, ಸೂರಿನಡಿಯ ಸಂದನ್ನು ತೆರೆದೇ ಬಿಡಬೇಕು.

ಈಚೆಗೆ ಹಬ್ಬುತ್ತಿರುವ ಅಟ್ಟಣಿಗೆ ಕೊಟ್ಟಿಗೆಯ ಮೇಲೆ ನನಗೆ ಗೌರವವೂ ಇದೆ, ಸಿಟ್ಟೂ ಇದೆ. ನೆಲದಿಂದ ಮೇಲೆತ್ತಿ, ಮರದ ಪಟ್ಟಿಯನ್ನೋ ಪ್ಲಾಸ್ಟಿಕ್ ಜಾಲರಿಯನ್ನೋ ಹಾಸಿದ ಈ ಕೊಟ್ಟಿಗೆಯಲ್ಲಿ ಹಿಕ್ಕೆ, ಗಂಜಲ ಕೆಳಗೆ ಬಿದ್ದು ಮೇಲ್ಗಡೆ ಒಣಗಿರುತ್ತದೆ. ದೊಡ್ಡ ಮೇಕೆಗೆ, ಅದರಲ್ಲೂ ಮಳೆಗಾಲದಲ್ಲಿ, ಇದು ವರವೇ. ಆದರೆ ಡಿಸೆಂಬರಿನಲ್ಲಿ ಅದೇ ಸಂದುಗಳಿಂದ ತಣ್ಣನೆ ಗಾಳಿ ಮೇಲಕ್ಕೆ ನುಗ್ಗಿ, ಮಲಗಿದ ಎಳೆಮರಿಯ ಹೊಟ್ಟೆಗೆ ನೇರವಾಗಿ ಬಡಿಯುತ್ತದೆ. ಎಳೆಯ ಕಾಲು ಸಂದಿನಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಲಕ್ಷಗಟ್ಟಲೆ ಸಾಲ ತಂದು ಕಟ್ಟುವ ಕಟ್ಟಡದಲ್ಲಿ ಈದ ತಾಯಿ-ಮರಿಗೆ ಹಲಗೆ ಮುಚ್ಚಿ ಹುಲ್ಲು ಹಾಸಿದ ಒಂದು ಮೂಲೆ ಇರದಿದ್ದರೆ ಆ ನಕ್ಷೆ ಅರೆಬರೆಯೇ.

ಬಲ್ಬಿನ ಮಾತು ಬೇಗ ಮುಗಿಯುತ್ತದೆ. ಈಗಿನ ಎಲ್‌ಇಡಿ ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಹಳೆಯ ತಂತಿಬಲ್ಬು ಸಿಕ್ಕರೂ ಒಣಹುಲ್ಲಿನ ಮೇಲೆ ಜೋತಾಡಿಸುವುದು ಬೆಂಕಿಗೆ ಆಹ್ವಾನ.

ಇಷ್ಟೆಲ್ಲ ಹೊರಗಿನ ಶಾಖದ ಮಾತಾಯಿತು. ಮರಿಯ ನಿಜವಾದ ಒಲೆ ಅದರ ಹೊಟ್ಟೆಯಲ್ಲಿದೆ. ಹುಟ್ಟುವಾಗ ಮೈಯಲ್ಲಿರುವ ವಿಶೇಷ ಕೊಬ್ಬು ಸುಟ್ಟು ಶಾಖ ಬರುವುದು ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಗಿಣ್ಣುಹಾಲೇ ಗತಿ. ಮೊದಲ ಒಂದೆರಡು ಗಂಟೆಯೊಳಗೆ ಮೊಲೆ ಹಿಡಿಸಬೇಕು, ಮೊದಲ ದಿನ ಮರಿಯ ತೂಕದ ಹತ್ತನೇ ಒಂದು ಭಾಗದಷ್ಟು ಕುಡಿಸಬೇಕು. ಗರ್ಭದಲ್ಲಿ ತಾಯಿಯಿಂದ ಮರಿಗೆ ರೋಗನಿರೋಧಕ ಅಂಶಗಳು ದಾಟುವುದಿಲ್ಲ. ಅವು ಬರುವುದು ಗಿಣ್ಣಿನಲ್ಲೇ, ಅದನ್ನು ಹೀರಿಕೊಳ್ಳುವ ಕರುಳಿನ ಶಕ್ತಿ ಒಂದು ದಿನದೊಳಗೆ ಮುಗಿದುಹೋಗುತ್ತದೆ. ಹಾಗಿದ್ದೂ ‘ಸೆತ್ತೆ ಬೀಳುವ ತನಕ ಹಾಲು ಬೇಡ’ ಎಂದು ಕಾಯುವವರು ಇಂದಿಗೂ ಇದ್ದಾರೆ. ನಮ್ಮ ರೂಢಿಗಳಲ್ಲಿ ಚಳಿಗಾಲದ ಮರಿಗೆ ಇಷ್ಟು ಕೇಡು ಮಾಡುವುದು ಇನ್ನೊಂದಿಲ್ಲ. ಈದೊಡನೆ ಗೋಣಿಯಿಂದ ಮೈ ಒರೆಸಿ, ತಾಯಿಗೆ ನೆಕ್ಕಲು ಬಿಟ್ಟು, ಹಾಲು ಕುಡಿಸಿದ ಮರಿ ಬಯಲಿನ ರೊಪ್ಪದಲ್ಲೂ ಬದುಕುವುದುಂಟು.

ಬೆಳಗಿನ ಜಾವ ಮರಿ ಸೊರಗಿ ಬಿದ್ದಿದ್ದರೆ ಅದರ ಬಾಯಿಗೆ ಬೆರಳಿಡಿ. ಮರಿಯ ಸಹಜ ಮೈಬಿಸಿ ಸುಮಾರು 39 ಡಿಗ್ರಿ. ಬಾಯೊಳಗೇ ತಣ್ಣಗಿದ್ದು ಬೆರಳು ಚೀಪದಿದ್ದರೆ ಪ್ರಾಣಕ್ಕೆ ಬಂದಿದೆ ಎಂದರ್ಥ. ಆಗ ಗಾಬರಿಯಲ್ಲಿ ಬಾಯಿಗೆ ಹಾಲು ಹುಯ್ಯಬೇಡಿ. ನುಂಗಲಾಗದ ಮರಿಯ ಶ್ವಾಸಕೋಶಕ್ಕೆ ಹಾಲು ಇಳಿಯುತ್ತದೆ. ಹುಟ್ಟಿ ಐದಾರು ಗಂಟೆ ಕಳೆದು ಏನನ್ನೂ ಕುಡಿಯದ ಮರಿಯಾದರೆ ಪಶುವೈದ್ಯರಿಂದ ಮೊದಲು ಗ್ಲೂಕೋಸ್ ಕೊಡಿಸಿ, ಆಮೇಲೆ ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಿ. ಮೈ ಬಿಸಿಯಾಗಿ ಚೀಪಲು ಶುರುಮಾಡಿದ ಮೇಲೆಯೇ ಹಾಲು.

ಈ ಚಳಿಗಾಲಕ್ಕೆ ಮುಂಚೆ ಮೇಕೆ ಸಾಕುವವರಲ್ಲಿ ನನ್ನ ಕೋರಿಕೆ ಇಷ್ಟೆ: ಗಬ್ಬದ ಕೊನೆಯ ಒಂದೂವರೆ ತಿಂಗಳು ತಾಯಿಗೆ ಒಂದು ಹಿಡಿ ಕಾಳು ಹೆಚ್ಚು ಹಾಕಿ, ಒಣಹುಲ್ಲಿನ ಒಂದು ಹೊರೆಯನ್ನು ಮರಿಗಳಿಗೆಂದೇ ತೆಗೆದಿಡಿ, ಅಟ್ಟದ ಮೇಲೆ ಎಸೆದ ಮಂಕರಿಯನ್ನು ಕೆಳಗಿಳಿಸಿ.