ದಡ್ಡಿಯ ಕಾವಲು: ಸಂಚಾರಿ ಕುರಿಗಾರರ ಬದುಕಿನಲ್ಲಿ ನಾಯಿ

ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿ ಸುತ್ತಲಿನ ಎರಿ ಹೊಲಗಳಲ್ಲಿ ತೊಗರಿ, ಕಡಲೆ, ಬಿಳಿಜೋಳದ ರಾಶಿ ಮುಗಿಯುತ್ತ ಬಂದಂತೆ ಕುರಿ ಹಿಂಡುಗಳು ಬಂದಿಳಿಯುತ್ತವೆ. ಮಳೆಗಾಲದಲ್ಲಿ ಎರಿ ಮಣ್ಣು ಗೊರಸಿಗೆ ಮೆತ್ತಿ ಕಾಲು ಕೊಳೆಯುವುದರಿಂದ ಅವು ಮಡ್ಡಿ, ಮಸಾರಿ ನೆಲಗಳತ್ತ ಸರಿದಿರುತ್ತವೆ. ಹಿಂಗಾರಿ ಸುಗ್ಗಿ ಕಳೆದ ಮೇಲೆ ಕೂಳೆ ಮೇಯಲು ಮರಳುತ್ತವೆ. ಕೆಲವು ಕುಟುಂಬಗಳು ಕುರಿಗಳನ್ನು ಕೂಡಿಸಿಕೊಂಡು ತಿಂಗಳುಗಟ್ಟಲೆ ನಡೆಯುವ ಈ ಸಂಚಾರದಲ್ಲಿ ಮನೆಯೇ ಕುದುರೆ, ಕತ್ತೆಗಳ ಬೆನ್ನೇರುತ್ತದೆ: ಕೌದಿ, ಕಂಬಳಿ, ಜೋಳದ ಹಿಟ್ಟು, ಹಂಚು, ಕೊಡ, ಬಲೆಯ ಸುರುಳಿ, ಇನ್ನೂ ನಡೆಯಲಾರದ ಮರಿಗಳು. ಈಚೆಗೆ ಕೆಲವರು ಸಾಮಾನಿಗೆ ಸಣ್ಣ ಟೆಂಪೋ ಹಿಡಿಯುತ್ತಾರೆ. ನಾಯಿ ಮಾತ್ರ ಮೊದಲಿನಂತೆಯೇ ಹಿಂಡಿನ ಜೊತೆ ನಡೆದೇ ಬರುತ್ತದೆ.

ದಿನದ ಕ್ರಮ ಸರಳ, ದುಡಿಮೆ ಭಾರ. ಹೆಂಗಸರು ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ ಬಡಿದು, ನೀರು ಹೊತ್ತು, ಗುಡಾರ ಕಿತ್ತು ಮುಂದಿನ ಹೊಲದಲ್ಲಿ ಮತ್ತೆ ಹೂಡುತ್ತಾರೆ. ಗಂಡಸರು ಕುರಿಯ ಹಿಂದೆ ಹೋಗುತ್ತಾರೆ. ಸಂಜೆ ಬಲೆ ಕಟ್ಟಿ ದಡ್ಡಿ ಮಾಡಿ, ಒಪ್ಪಿದ ರೈತನ ಹೊಲದಲ್ಲಿ ಕುರಿ ತರುಬುತ್ತಾರೆ. ಹಿಕ್ಕೆ, ಉಚ್ಚೆ ಎರಡೂ ನೇರವಾಗಿ ನೆಲಕ್ಕೆ ಸೇರುತ್ತವೆ. ಗೊಬ್ಬರ ಹೇರುವ ಬಂಡಿ ಬೇಡ, ಹರಡುವ ಆಳು ಬೇಡ. ರೈತ ಇದಕ್ಕೆ ಕಾಳನ್ನೋ ರೊಕ್ಕವನ್ನೋ ಕೊಡುತ್ತಾನೆ. ಒಣಬೇಸಾಯದ ಸೀಮೆಗೆ ಇಷ್ಟು ಹೊಂದುವ ಇನ್ನೊಂದು ಏರ್ಪಾಡು ಸಿಗುವುದು ಕಷ್ಟ.

ಈ ಏರ್ಪಾಡು ರಾತ್ರಿ ನಿಲ್ಲುವುದು ನಾಯಿಯ ಮೇಲೆ. ಬಲೆ ಕುರಿಯನ್ನು ಒಳಗಿಟ್ಟೀತೇ ಹೊರತು ತೋಳವನ್ನು ತಡೆಯದು. ದಿನವಿಡೀ ನಡೆದ ಕುರಿಗಾರ ಕಂಬಳಿ ಹೊದ್ದು ಮಲಗಿದಾಗ ದಡ್ಡಿಯ ಸುತ್ತ ಕಿವಿ ನಿಮಿರಿಸಿ ಕೂರುವುದು ನಾಯಿ. ವಾಹನ ತಂದು ಕುರಿ ಹೇರಿಕೊಂಡು ಹೋಗುವ ಕಳ್ಳರ ಕಾಲದಲ್ಲಿ ಅದರ ಬೊಗಳುವಿಕೆಯ ಬೆಲೆ ಇನ್ನೂ ಏರಿದೆ. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ 2005ರಲ್ಲಿ ಅಂಚೆ ಚೀಟಿ ಬಂತು, ಆಮೇಲೆ ಸೇನೆಯಲ್ಲೂ ಜಾಗ ಸಿಕ್ಕಿತು. ಆದರೆ ಅದು ಕಣ್ಣಿಗೆ ಬಿದ್ದ ಬೇಟೆಯನ್ನು ಅಟ್ಟಿ ಹಿಡಿಯುವ ತಳಿ. ಒಂದೇ ಜಾಗದಲ್ಲಿ ಇರುಳಿಡೀ ಕಾಯುವ ಕೆಲಸಕ್ಕೆ ಹಿಂಡಿನಲ್ಲೇ ಹುಟ್ಟಿ ಮರಿಗಳೊಡನೆ ಬೆಳೆದ ಹೆಸರಿಲ್ಲದ ನಾಟಿ ನಾಯಿಯೇ ಹೆಚ್ಚು ಒಗ್ಗುತ್ತದೆ. ಅದರ ಗುಣವನ್ನು ಬರೆದಿಟ್ಟವರು ಕಡಿಮೆ.

ಸಂಚಾರದ ದೊಡ್ಡ ಕೊರತೆ ಇರುವುದು ನಾಯಿಯ ಊಟದಲ್ಲೇ. ದಡ್ಡಿಯ ನಾಯಿಯ ಪಾಲಿಗೆ ಬರುವುದು ಒಣ ರೊಟ್ಟಿ, ಉಳಿದ ನುಚ್ಚು. ಕುರಿ ಸತ್ತ ದಿನ ಅದರ ತಲೆ, ಕರುಳು. ಈ ಕೊನೆಯ ತುತ್ತೇ ಕೇಡು. ಕುರಿಯ ಮಿದುಳಿನಲ್ಲಿ ನೀರ್ಗುಳ್ಳೆಯಾಗಿ ಕೂತ ಲಾಡಿಹುಳುವಿನ ಮರಿ ನಾಯಿಯ ಕರುಳಿನಲ್ಲಿ ಬೆಳೆದು ಹುಳುವಾಗುತ್ತದೆ. ಮೊಟ್ಟೆ ಹೇಲಿನೊಂದಿಗೆ ಹುಲ್ಲಿಗೆ ಬೀಳುತ್ತದೆ. ಅದನ್ನು ಮೇಯ್ದ ಕುರಿ ಕೆಲವು ತಿಂಗಳಲ್ಲಿ ತಲೆ ವಾಲಿಸಿ ನಿಂತಲ್ಲೇ ಸುತ್ತತೊಡಗುತ್ತದೆ. ಆ ಕುರಿ ಸತ್ತಾಗ ತಲೆ ಮತ್ತೆ ನಾಯಿಗೆ. ಇದೇ ಕುಟುಂಬದ, ನಾಯಿಯಿಂದಲೇ ಹರಡುವ ಇನ್ನೊಂದು ಹುಳು ಮನುಷ್ಯರ ಯಕೃತ್ತು, ಶ್ವಾಸಕೋಶಗಳಲ್ಲಿ ಗುಳ್ಳೆ ಕಟ್ಟುತ್ತದೆ. ಗುಡಾರದಲ್ಲಿ ನಾಯಿಯನ್ನು ಅಪ್ಪಿಕೊಂಡು ಮಲಗುವ ಮಕ್ಕಳನ್ನು ನೆನೆದರೆ ಇದನ್ನು ಸಣ್ಣ ಮಾತೆಂದು ಬಿಡಲಾಗದು.

ಸರ್ಕಾರದ ಪರಿಹಾರದ ಲೆಕ್ಕದಲ್ಲಿ ನಾಯಿ ಇಲ್ಲ. ಅನುಗ್ರಹ ಯೋಜನೆಯಲ್ಲಿ ಸತ್ತ ಕುರಿಗೆ ಪರಿಹಾರವಿದೆ. ಕುರಿ ಉಳಿಸಲು ಹೋಗಿ ತೋಳದ ಬಾಯಿಗೆ ಸಿಕ್ಕ ನಾಯಿಗೆ ಏನೂ ಇಲ್ಲ.

ಆಲಮಟ್ಟಿಯ ನೀರು ಏತ ನೀರಾವರಿಯಿಂದ ಹರಿದ ಕಡೆ ಕಬ್ಬು ಬಂದು, ಬರಿದಾಗಿ ಬಿಡುವ ಹೊಲಗಳು ಕಡಿಮೆಯಾಗುತ್ತಿವೆ. ಹಿಂಡು ರಸ್ತೆಯಂಚು ಹಿಡಿದಂತೆಲ್ಲ ನಾಯಿಗೆ ಲಾರಿ, ಬೈಕುಗಳ ಅಪಾಯವೂ ಸೇರಿದೆ. ಅದನ್ನು ತಪ್ಪಿಸುವುದು ಕುರಿಗಾರನ ಕೈಯಲ್ಲಿಲ್ಲ. ಹುಳುವಿನ ಸರಪಳಿ ಕಡಿಯುವುದು ಅವನ ಕೈಯಲ್ಲೇ ಇದೆ: ಸತ್ತ ಕುರಿಯ ತಲೆ, ಒಳಾಂಗಗಳನ್ನು ಆಳವಾಗಿ ಹೂಳಬೇಕು ಅಥವಾ ಸುಡಬೇಕು, ನಾಯಿಗೆ ಮೂರು ತಿಂಗಳಿಗೊಮ್ಮೆ ಪ್ರಾಜಿಕ್ವಾಂಟೆಲ್ ಎಂಬ ಹುಳುನಾಶಕ ಮಾತ್ರೆ ಕೊಡಿಸಬೇಕು. ಇದರ ಜೊತೆ ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಬೇಕು. ಮುಂಗಾರಿಗೆ ಮುನ್ನ ಕುರಿಗಳಿಗೆ ಕರುಳುಬೇನೆಯ ಲಸಿಕೆ ಹಾಕಲು ಪಶುವೈದ್ಯರು ದಡ್ಡಿಗೆ ಬರುವ ದಿನವೇ ನಾಯಿಗೂ ಇವೆರಡನ್ನು ಕೊಟ್ಟರೆ, ಹಿಂಡು ದೂರ ಹೋಗುವ ಮೊದಲೇ ಲಸಿಕೆಯೂ ಒಂದು ಸುತ್ತಿನ ಮಾತ್ರೆಯೂ ಮುಗಿದಿರುತ್ತವೆ.